ಮನೆ, ಕೊಟ್ಟಿಗೆ, ಹುಳುಮನೆಗಳಲ್ಲಿ ವಿದ್ಯುತ್ ಸೋರಿಕೆಯಿಂದ ರಕ್ಷಣೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನೀರಿನ ಆಸರೆ ಚೆನ್ನಾಗಿದೆ. ಕಪಿಲಾ ನದಿಯು ನಂಜನಗೂಡನ್ನು ಹಾದು ನರಸೀಪುರದ ಬಳಿ ಕಾವೇರಿಯನ್ನು ಸೇರುತ್ತದೆ. ಹುಲ್ಲಹಳ್ಳಿ ನಾಲೆ, ಮಾಧವಮಂತ್ರಿ ನಾಲೆಗಳಂತಹ ಹಳೆಯ ನಾಲೆಗಳ ಜೊತೆಗೆ 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ನಾಲೆಗಳೂ, ಅನಂತರ ಬಂದ ವರುಣಾ ನಾಲೆಯೂ ಈ ಭಾಗಕ್ಕೆ ನೀರುಣಿಸುತ್ತಿವೆ. ಭತ್ತ, ಕಬ್ಬು, ಬಾಳೆ, ಹಿಪ್ಪುನೇರಳೆ ಇಲ್ಲಿನ ಮುಖ್ಯ ಬೆಳೆಗಳು. ಹಸು ಸಾಕಣೆ, ರೇಷ್ಮೆ ಹುಳು ಸಾಕಣೆ ಮನೆಮನೆಯ ಕಸುಬು. ಆದ್ದರಿಂದ ಇಲ್ಲಿನ ರೈತರ ಹಿತ್ತಲು, ಕೊಟ್ಟಿಗೆ, ಬಚ್ಚಲು ವರ್ಷದ ಬಹುಕಾಲ ಒದ್ದೆಯಾಗಿಯೇ ಇರುತ್ತವೆ. ಗದ್ದೆಯಿಂದ ಬಂದವರ ಕಾಲೂ ಒದ್ದೆ, ಹಾಲು ಕರೆದು ಬಂದವರ ಕೈಯೂ ಒದ್ದೆ.

ಹಿಂದೆ ಇಂತಹ ಮನೆಗಳಲ್ಲಿ ವಿದ್ಯುತ್ತೆಂದರೆ ನಡುಮನೆಗೊಂದು, ಅಡಿಗೆಮನೆಗೊಂದು ದೀಪ ಮಾತ್ರ ಆಗಿತ್ತು. ಸ್ವಿಚ್ಚನ್ನು ಬಿಟ್ಟರೆ ವಿದ್ಯುತ್ತಿನ ಯಾವ ಸಾಮಾನನ್ನೂ ಯಾರೂ ಮುಟ್ಟುತ್ತಿರಲಿಲ್ಲ. ಈಗ ಮಿಕ್ಸಿ, ಗ್ರೈಂಡರ್, ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಗೀಸರ್, ತೊಟ್ಟಿಯಿಂದ ನೀರೆತ್ತುವ ಸಣ್ಣ ಮೋಟಾರು, ಮೇವು ಕತ್ತರಿಸುವ ಯಂತ್ರ ಎಲ್ಲವೂ ಬಂದಿವೆ. ಇವು ಕೈಯಿಂದ ಮುಟ್ಟಿ ಬಳಸುವ ಸಾಮಾನುಗಳು. ಇವುಗಳಲ್ಲಿ ಬಹಳಷ್ಟಕ್ಕೆ ಲೋಹದ ಮೈ ಇದೆ, ಬಹಳಷ್ಟು ನೀರಿನ ಪಕ್ಕದಲ್ಲೇ ನಡೆಯುತ್ತವೆ. ಆದರೆ ಅನೇಕ ಮನೆಗಳಲ್ಲಿ ಇವುಗಳಿಗೆ ಇರುವ ರಕ್ಷಣೆ ದೀಪದ ಕಾಲದ ಹಳೆಯ ಫ್ಯೂಜು ಅಥವಾ ಅದರ ಬದಲಿಗೆ ಬಂದಿರುವ ಎಂ.ಸಿ.ಬಿ. ಮಾತ್ರ.

ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ವಿದ್ಯುದಾಘಾತದಿಂದ ಸಾಯುವವರ ಸಂಖ್ಯೆ ವರ್ಷಕ್ಕೆ 10,000ವನ್ನು ಮೀರಿದೆ. ಹೊಲದಲ್ಲಿ ಹರಿದು ಬಿದ್ದ ಕಂಬದ ತಂತಿಗೆ ಎಲ್ಲರೂ ಹೆದರುತ್ತಾರೆ, ಹತ್ತಿರ ಸುಳಿಯುವುದಿಲ್ಲ. ಬಚ್ಚಲಿನ ಗೀಸರಿಗೆ ಯಾರೂ ಹಾಗೆ ಹೆದರುವುದಿಲ್ಲ. ಕೊಲ್ಲುವ ಶಕ್ತಿ ಮಾತ್ರ ಅದಕ್ಕೂ ಇದೆ.

ಫ್ಯೂಜು ಕಾಯುವುದು ತಂತಿಯನ್ನು

ಫ್ಯೂಜು ಅಥವಾ ಎಂ.ಸಿ.ಬಿ. ಇದ್ದರೆ ಶಾಕ್ ಹೊಡೆದಾಗ ತಾನಾಗಿ ವಿದ್ಯುತ್ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು ತಿಳುವಳಿಕೆ. ಫ್ಯೂಜು ಇರುವುದು ತಂತಿಯು ಕಾದು ಬೆಂಕಿ ಹತ್ತದಂತೆ ತಡೆಯಲು. 16 ಆಂಪಿಯರಿನ ಎಂ.ಸಿ.ಬಿ.ಯು 16 ಆಂಪಿಯರ್ ಹರಿಯುವವರೆಗೂ ಸುಮ್ಮನಿರುತ್ತದೆ. ಆ ಕ್ಷಣವೇ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕಾಗುತ್ತದೆ.

ಮನುಷ್ಯನನ್ನು ಕೊಲ್ಲಲು ಎಷ್ಟು ಬೇಕು? ಇದನ್ನು ಆಂಪಿಯರಿನಲ್ಲಿ ಅಳೆಯುವಂತೆಯೇ ಇಲ್ಲ, ಅದರ ಸಾವಿರದ ಒಂದು ಭಾಗವಾದ ಮಿಲಿ ಆಂಪಿಯರಿನಲ್ಲಿ ಅಳೆಯಬೇಕು. ಅರ್ಧ ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುವುದು ಗೊತ್ತಾಗುತ್ತದೆ. ಹಿಡಿದ ಸಾಮಾನನ್ನು ಬಿಡಲು ಆಗದಂತೆ ಕೈ ಸೆಟೆದುಕೊಳ್ಳುವ ಮಟ್ಟವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ ಅಳೆದರು. ಗಂಡಸರಲ್ಲಿ ಇದು ಸರಾಸರಿ 16, ಹೆಂಗಸರಲ್ಲಿ ಸುಮಾರು 10.5 ಮಿಲಿ ಆಂಪಿಯರ್. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. 30 ಮಿಲಿ ಆಂಪಿಯರ್ ಮೀರಿದ ಪ್ರವಾಹವು ಕೆಲವು ಸೆಕೆಂಡುಗಳ ಕಾಲ ಎದೆಯ ಮೂಲಕ ಹರಿದರೆ ಉಸಿರಾಟ ಕಟ್ಟುವ, ಹೃದಯ ಲಯ ತಪ್ಪುವ ಅಪಾಯವಿದೆ. ಒದ್ದೆ ಕೈ, ಬರಿಗಾಲಿನ ಮನುಷ್ಯನ ಮೈಯ ತಡೆ ಸುಮಾರು 1,000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿನಲ್ಲಿ 230 ಮಿಲಿ ಆಂಪಿಯರ್ ಹರಿಯುತ್ತದೆ. ಇದು ಸಾಯಲು ಧಾರಾಳವಾಗಿ ಸಾಕು. 16 ಆಂಪಿಯರಿನ ಎಂ.ಸಿ.ಬಿ.ಯ ಲೆಕ್ಕದಲ್ಲಿ ಇದು ಒಂದು ಸಣ್ಣ ಬಲ್ಬಿನಷ್ಟು ಹೊರೆ. ಮನುಷ್ಯ ಒದ್ದಾಡುತ್ತಿರುವಾಗಲೂ ಅದು ಬೀಳುವುದಿಲ್ಲ.

ಕುರಿಯ ಲೆಕ್ಕ

ಈ ಕೊರತೆಯನ್ನು ತುಂಬುವ ಸಾಧನವೇ ಆರ್.ಸಿ.ಸಿ.ಬಿ. ಇದರ ಹಳೆಯ ಮಾದರಿಗೆ ಇ.ಎಲ್.ಸಿ.ಬಿ. ಎಂದು ಹೆಸರು. ಅಂಗಡಿಗಳಲ್ಲಿ, ವೈರಿಂಗ್ ಕೆಲಸದವರಲ್ಲಿ ಈಗಲೂ ಇದೇ ಹೆಸರು ಹೆಚ್ಚು ಬಳಕೆಯಲ್ಲಿದೆ. ಯಾವ ಹೆಸರಿನಿಂದ ಕೇಳಿದರೂ ಕೊಡುವುದು ಒಂದನ್ನೇ.

ಇದು ಕೆಲಸ ಮಾಡುವ ರೀತಿಯು ಬನ್ನೂರಿನ ಕುರಿ ಕಾಯುವವರಿಗೆ ಚೆನ್ನಾಗಿ ಗೊತ್ತಿರುವಂತಹದೇ. ಬೆಳಿಗ್ಗೆ ಹಟ್ಟಿಯಿಂದ ಹೊರಟ ಕುರಿಗಳನ್ನು ಎಣಿಸುತ್ತಾರೆ, ಸಂಜೆ ಮರಳಿದವನ್ನೂ ಎಣಿಸುತ್ತಾರೆ. ಒಂದು ಕಡಿಮೆಯಾದರೂ ಎಲ್ಲೋ ದಾರಿ ತಪ್ಪಿದೆ ಎಂದೇ ಅರ್ಥ. ವಿದ್ಯುತ್ತು ಫೇಸ್ ತಂತಿಯಲ್ಲಿ ಮನೆಯೊಳಗೆ ಹೋಗಿ ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗುತ್ತದೆ. ಹೋದಷ್ಟೇ ಬರಬೇಕು. ಎಲ್ಲೋ ಒಬ್ಬರ ಮೈಮೂಲಕವಾಗಲಿ, ಗೀಸರಿನ ನೀರಿನ ಮೂಲಕವಾಗಲಿ, ಒದ್ದೆ ಗೋಡೆಯ ಮೂಲಕವಾಗಲಿ ನೆಲಕ್ಕೆ ಸೋರಿದರೆ ಹಿಂದಿರುಗುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆರ್.ಸಿ.ಸಿ.ಬಿ.ಯು ಈ ಎರಡರ ವ್ಯತ್ಯಾಸವನ್ನು ಸದಾ ತೂಗಿ ನೋಡುತ್ತಿರುತ್ತದೆ. ವ್ಯತ್ಯಾಸವು 30 ಮಿಲಿ ಆಂಪಿಯರ್ ತಲುಪಿದರೆ ಹೆಚ್ಚೆಂದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ, ಅದರ ಐದು ಪಟ್ಟಾದರೆ ನೂರರಲ್ಲಿ ನಾಲ್ಕು ಭಾಗದೊಳಗೆ ಎರಡೂ ತಂತಿಗಳನ್ನು ಕಡಿದುಬಿಡುತ್ತದೆ. ಶಾಕ್ ಹೊಡೆಯುವುದೇ ಇಲ್ಲವೆಂದಲ್ಲ. ಒಮ್ಮೆ ಜಾಡಿಸುತ್ತದೆ, ಆದರೆ ಹಿಡಿದಿಟ್ಟುಕೊಳ್ಳುವುದಿಲ್ಲ.

ಮಣ್ಣು ಮತ್ತು ಅರ್ಥಿಂಗ್

ಅರ್ಥಿಂಗ್ ಮಾಡಿಸಿದ್ದರೆ ಸಾಲದೇ ಎಂದು ಅನೇಕ ರೈತರು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಮಣ್ಣಿನಲ್ಲಿದೆ.

ಅರ್ಥ್ ಕೊಳವೆಯು ಎಷ್ಟು ಸುಲಭವಾಗಿ ವಿದ್ಯುತ್ತನ್ನು ನೆಲಕ್ಕೆ ಬಿಟ್ಟುಕೊಡುತ್ತದೆ ಎಂಬುದು ಮಣ್ಣಿನ ತೇವ, ಜೇಡಿಯ ಅಂಶ ಮತ್ತು ಲವಣಗಳನ್ನು ಅವಲಂಬಿಸಿದೆ. ಬೆಳೆಗೆ ತೇವವನ್ನು ಹಿಡಿದಿಡುವ ಮಣ್ಣೇ ಅರ್ಥಿಂಗಿಗೂ ಉತ್ತಮ. ಸಾಮಾನ್ಯವಾಗಿ ಹೂಳುವ 2.5 ಮೀಟರ್ ಉದ್ದದ ಕಬ್ಬಿಣದ ಕೊಳವೆಯ ತಡೆಯು, ಮಣ್ಣಿನ ನಿರೋಧವನ್ನು ಓಮ್-ಮೀಟರಿನಲ್ಲಿ ಹೇಳಿದಾಗ, ಅದರ ಸುಮಾರು ಮೂರನೆಯ ಒಂದು ಭಾಗದಷ್ಟು ಬರುತ್ತದೆ. ತೇವವಿರುವ ಕಪ್ಪು ಜೇಡಿಯಲ್ಲಿ ಈ ನಿರೋಧ 20ರ ಆಸುಪಾಸಿನಲ್ಲಿದ್ದರೆ ಕೊಳವೆಯ ತಡೆ ಸುಮಾರು 7 ಓಮ್. ಒಣಗಿದ ಗರಸು ಮಿಶ್ರಿತ ಕೆಂಪು ಮಣ್ಣಿನಲ್ಲಿ ನಿರೋಧ 300 ಆದರೆ ತಡೆ 100 ಓಮ್. ತಲಕಾಡಿನ ಒಣ ಮರಳಿನಂತಹ ನೆಲದಲ್ಲಿ ಇದು ಇನ್ನೂ ಬಹಳ ಹೆಚ್ಚು. ನಾಲೆಯ ಬಯಲಿನಲ್ಲಿ ಮಾಡಿದ ಅರ್ಥಿಂಗು ಚೆನ್ನಾಗಿದ್ದು, ಮೇಲಿನ ಕೆಂಪು ಹೊಲದ ಮನೆಯಲ್ಲಿ ಅದೇ ಕೆಲಸದವರು ಅದೇ ಕೊಳವೆ ಹೂಳಿ ಮಾಡಿದ್ದು ಬೇಸಿಗೆಯಲ್ಲಿ ಕೈಕೊಡುವುದಕ್ಕೆ ಕಾರಣ ಇದೇ.

ಈಗ ಲೆಕ್ಕ ನೋಡೋಣ. ಅರ್ಥಿಂಗಿನ ತಡೆ 50 ಓಮ್ ಇರುವ ಮನೆಯಲ್ಲಿ ಫೇಸ್ ತಂತಿಯು ಮೋಟಾರಿನ ಮೈಗೆ ತಾಗಿತೆಂದು ಭಾವಿಸಿದರೆ ನೆಲಕ್ಕೆ ಹರಿಯುವುದು ಹೆಚ್ಚೆಂದರೆ 4.6 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಬೀಳುವುದಿಲ್ಲ. ಮೋಟಾರಿನ ಮೈಮೇಲೆ 200 ವೋಲ್ಟಿಗೂ ಹೆಚ್ಚು ಒತ್ತಡ ನಿಂತೇ ಇರುತ್ತದೆ, ಮುಟ್ಟುವವರಿಗಾಗಿ ಕಾಯುತ್ತಿರುತ್ತದೆ. ಎಂ.ಸಿ.ಬಿ. ಆ ಕ್ಷಣವೇ ಬೀಳಬೇಕಾದರೆ ಅರ್ಥಿಂಗಿನ ತಡೆ 3 ಓಮಿಗಿಂತ ಕಡಿಮೆ ಇರಬೇಕು. ಒಂದು ಕೊಳವೆಯಿಂದ ಇದು ಯಾವ ರೈತನ ಮನೆಯಲ್ಲೂ ಸುಲಭವಾಗಿ ಆಗುವ ಮಾತಲ್ಲ. ಆದರೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಮುಟ್ಟಿದವರಿಗೆ 50 ವೋಲ್ಟಿಗಿಂತ ಹೆಚ್ಚು ತಾಗುವ ಮೊದಲೇ ಕಡಿಯಲು 1,600 ಓಮ್ ತಡೆಯ ಸಾಧಾರಣ ಅರ್ಥಿಂಗೂ ಸಾಕಾಗುತ್ತದೆ. ಬೇಸಿಗೆಯ ಕೆಂಪು ಮಣ್ಣಿನಲ್ಲೂ ಇದು ಸಾಧ್ಯ. ಹಾಗೆಂದು ಅರ್ಥಿಂಗನ್ನು ಕೈಬಿಡಬಾರದು. ಅರ್ಥ್ ತಂತಿ ಇದ್ದರೆ ಯಾರೂ ಮುಟ್ಟುವ ಮುನ್ನವೇ ಸೋರಿಕೆ ಹರಿದು ಆರ್.ಸಿ.ಸಿ.ಬಿ. ಬೀಳುತ್ತದೆ. ಇಲ್ಲವಾದರೆ ಯಾರಾದರೂ ಮುಟ್ಟಿದ ಮೇಲೆಯೇ ಬೀಳುತ್ತದೆ. ಹಳೆಯ ಮರದ ಪಟ್ಟಿಯ ಎರಡು ತಂತಿ ವೈರಿಂಗ್ ಇರುವ ಮನೆಗಳಲ್ಲಿ ಅರ್ಥ್ ತಂತಿಯೇ ಇರುವುದಿಲ್ಲ. ಅಂತಹ ಕಡೆಯೂ ಆರ್.ಸಿ.ಸಿ.ಬಿ. ಜೀವ ಉಳಿಸಬಲ್ಲದು ಎಂಬುದು ಅದರ ದೊಡ್ಡ ಗುಣ.

ಅರ್ಥ್ ಕೊಳವೆಯನ್ನು ಹೂಳಲು ಬಚ್ಚಲ ನೀರು ಹರಿಯುವ ಹಿತ್ತಲ ಬಾಳೆಯ ಬುಡಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅಲ್ಲಿ ವರ್ಷವಿಡೀ ತೇವವಿರುತ್ತದೆ. ಗುಂಡಿಗೆ ಉಪ್ಪು ಇದ್ದಲು ಹಾಕುವ ರೂಢಿಯಿದೆ. ಇದ್ದಲು ತೇವ ಹಿಡಿಯುತ್ತದೆ. ಉಪ್ಪು ನೀರಿನೊಡನೆ ಕೆಲವು ವರ್ಷಗಳಲ್ಲಿ ಬಸಿದು ಹೋಗುವುದಲ್ಲದೆ ಕೊಳವೆಯನ್ನೂ ತಿನ್ನುತ್ತದೆ. ಮೇಲಿನ ಕ್ಲಾಂಪು ತುಕ್ಕು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡುವುದು ಉಪ್ಪು ಹಾಕುವುದಕ್ಕಿಂತ ಮುಖ್ಯ.

ನಿಯಮ ಏನು ಹೇಳುತ್ತದೆ

ಅಮೆರಿಕದಲ್ಲಿ ಸೋರಿಕೆ ರಕ್ಷಣೆಯನ್ನು ಪ್ಲಗ್ಗಿನ ಸಾಕೆಟ್ಟಿನೊಳಗೇ ಕೂಡಿಸಿರುತ್ತಾರೆ. ಅದು ಎಲ್ಲೆಲ್ಲಿ ಇರಬೇಕೆಂಬ ಪಟ್ಟಿ ಅಲ್ಲಿನ ವಿದ್ಯುತ್ ಸಂಹಿತೆಯಲ್ಲಿ ಒಂದೊಂದಾಗಿ ಬೆಳೆಯಿತು. 1971ರ ಆವೃತ್ತಿಯಲ್ಲಿ ಮನೆಯ ಹೊರಗಿನ ಸಾಕೆಟ್ಟುಗಳು, 1975ರಲ್ಲಿ ಬಚ್ಚಲು, 1978ರಲ್ಲಿ ಕಾರು ನಿಲ್ಲಿಸುವ ಕೊಠಡಿ, 1987ರಲ್ಲಿ ಅಡಿಗೆಮನೆ ಸೇರಿದವು. ಆ ಸಾಕೆಟ್ಟುಗಳು ಸುಮಾರು 5 ಮಿಲಿ ಆಂಪಿಯರಿಗೇ ಬೀಳುತ್ತವೆ.

ನಮ್ಮಲ್ಲಿ ದಾರಿ ಬೇರೆ. ಒಂದೊಂದು ಸಾಕೆಟ್ಟಿನ ಬದಲು ಮೈನ್ ಬೋರ್ಡಿನಲ್ಲೇ ಇಡೀ ಮನೆಗೆ ಒಂದು ರಕ್ಷಣೆ ಕೊಡುವುದು ವಾಡಿಕೆ. ಸೋರಿಕೆ ರಕ್ಷಣೆಯ ನಿಯಮ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ಸೇರಿತ್ತು. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ನಿಯಮಗಳಲ್ಲಿಯೂ ಅದು ಇದೆ. ಮನೆಗಳಿಗೆ ಇರಬೇಕಾದ ಮಿತಿ 30 ಮಿಲಿ ಆಂಪಿಯರ್. ತೀರ ಸಣ್ಣ ಹೊರೆಯ ಸಂಪರ್ಕಗಳಿಗೆ ಮಾತ್ರ ವಿನಾಯಿತಿ ಇದೆ.

ಈ ವಿನಾಯಿತಿಯ ಬಗ್ಗೆ ಎಚ್ಚರ ಅಗತ್ಯ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಒಂದೆರಡು ದೀಪಕ್ಕೆಂದು ಸಂಪರ್ಕ ಪಡೆದ ಮನೆಗಳಲ್ಲಿ ಇಂದು ಮಿಕ್ಸಿ, ಫ್ರಿಜ್, ನೀರು ಕಾಯಿಸುವ ರಾಡು ಎಲ್ಲವೂ ಇವೆ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ನಂತರ ಬಿಲ್ಲಿನ ಅಂಜಿಕೆಯೂ ಕಡಿಮೆಯಾಗಿದೆ. ಕಾಗದದ ಮೇಲೆ ಹೊರೆ ಸಣ್ಣದಿದ್ದರೂ ಬಕೆಟ್ಟಿನಲ್ಲಿ ಇಳಿಬಿಟ್ಟ ರಾಡು ಎಲ್ಲ ಮನೆಗಳಲ್ಲೂ ಒಂದೇ. ನಿಯಮ ಕೇಳದಿದ್ದರೂ ಇಂತಹ ಮನೆಗಳಿಗೇ ಇದು ಮೊದಲು ಬೇಕು.

ಎಲ್ಲೆಲ್ಲಿ ಇರಲೇಬೇಕು

ಮೈನ್ ಬೋರ್ಡಿನಲ್ಲಿ ಆರ್.ಸಿ.ಸಿ.ಬಿ. ಇದ್ದರೆ ಎಲ್ಲೆಡೆ ರಕ್ಷಣೆ ದೊರೆಯಿತು ಎಂದು ಭಾವಿಸುವಂತಿಲ್ಲ. ಅದು ಕಾಯುವುದು ತನ್ನಿಂದ ಮುಂದೆ ಹೋಗುವ ತಂತಿಗಳನ್ನು ಮಾತ್ರ. ಹಳ್ಳಿಯ ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಮೊದಲು ಮನೆ, ಆಮೇಲೆ ಹಿಂದಕ್ಕೆ ಬಚ್ಚಲು, ಆಮೇಲೆ ಕೊಟ್ಟಿಗೆ, ಸಾಲ ಸಿಕ್ಕಾಗ ಹುಳುಮನೆ. ಪ್ರತಿ ಸಲವೂ ತಂತಿಯನ್ನು ಎಲ್ಲಿಂದ ಅನುಕೂಲವೋ ಅಲ್ಲಿಂದ, ಅನೇಕ ವೇಳೆ ಮೀಟರಿನ ಬಳಿಯ ಕಟ್‌ಔಟಿನಿಂದಲೇ ಎಳೆದಿರುತ್ತಾರೆ. ಹೀಗಾಗಿ ಒಣಗಿರುವ ನಡುಮನೆಗೆ ರಕ್ಷಣೆಯಿದ್ದು, ಒದ್ದೆಯ ಕೊಟ್ಟಿಗೆಯೇ ಅದರ ಹೊರಗೆ ಉಳಿದಿರುವುದು ಸಾಮಾನ್ಯ.

ಬಚ್ಚಲು ಮನೆಯದು ಮೊದಲ ಸ್ಥಾನ. ಗೀಸರಿನ ಒಳಗಿನ ಸುರುಳಿ ಬಿರುಕು ಬಿಟ್ಟಾಗ ನೀರಿನ ಮೂಲಕವೇ ವಿದ್ಯುತ್ತು ನಲ್ಲಿಗೆ ಬರುತ್ತದೆ. ನೀರು ಕಾಯಿಸುವ ರಾಡು ಇದಕ್ಕಿಂತಲೂ ಅಪಾಯಕರ. ಪ್ಲಗ್ ಕೀಳದೆ ನೀರು ಕಾದಿದೆಯೇ ಎಂದು ಬೆರಳಿಟ್ಟು ನೋಡುವ ಅಭ್ಯಾಸವನ್ನು ಬಿಡಲೇಬೇಕು. ಅಡಿಗೆಮನೆಯ ಮಿಕ್ಸಿ, ಗ್ರೈಂಡರ್, ಫ್ರಿಜ್‌ಗಳು, ಬಟ್ಟೆ ಒಗೆಯುವ ಯಂತ್ರ, ತೊಟ್ಟಿಯ ಮೋಟಾರು ಇವುಗಳದು ನಂತರದ ಸ್ಥಾನ. ಹೊರಜಗಲಿಯ ಸಾಕೆಟ್ಟಿಗೆ ಹಬ್ಬದಲ್ಲಿ ಸೀರಿಯಲ್ ದೀಪ, ಮದುವೆಯ ಚಪ್ಪರಕ್ಕೆ ಮೈಕು, ಬೇಸಿಗೆಯಲ್ಲಿ ಕಣದ ಫ್ಯಾನು ಹೀಗೆ ಏನಾದರೊಂದನ್ನು ಸಿಕ್ಕಿಸುತ್ತಲೇ ಇರುತ್ತಾರೆ. ಜೋಡಿಸಿ ಟೇಪು ಸುತ್ತಿದ ವೈರು ನೆಲದ ಮೇಲೆ ಹರಿದಾಡುವುದು ಇಲ್ಲಿಯೇ ಹೆಚ್ಚು.

ಯು.ಪಿ.ಎಸ್. ಇರುವ ಮನೆಗಳಲ್ಲಿ ಒಂದು ಸೂಕ್ಷ್ಮವಿದೆ. ಕರೆಂಟು ಹೋಗಿ ಬ್ಯಾಟರಿಯಿಂದ ನಡೆಯುವಾಗ ಆ ಸಾಲಿನ ಸೋರಿಕೆಯನ್ನು ಮೈನ್ ಬೋರ್ಡಿನ ಆರ್.ಸಿ.ಸಿ.ಬಿ. ಕಾಣುವುದಿಲ್ಲ. ಆದ್ದರಿಂದ ಬಚ್ಚಲು, ಅಡಿಗೆಮನೆಗಳ ಸಾಕೆಟ್ಟುಗಳನ್ನು ಯು.ಪಿ.ಎಸ್. ಸಾಲಿಗೆ ಸೇರಿಸದೆ ಇರುವುದು ಲೇಸು.

ಕೊಟ್ಟಿಗೆ

ದನಗಳಿಗೆ ವಿದ್ಯುತ್ತು ಮನುಷ್ಯರಿಗಿಂತ ಹೆಚ್ಚು ಅಪಾಯಕರ. ಹಸುವಿನ ಮೈಯ ತಡೆ ಮನುಷ್ಯನದರ ಸುಮಾರು ಅರ್ಧದಷ್ಟು. ನಾಲ್ಕು ಗೊರಸುಗಳೂ ಗಂಜಲದಿಂದ ತೊಯ್ದ ನೆಲದಲ್ಲಿರುತ್ತವೆ. ಮುಂಗಾಲಿಗೂ ಹಿಂಗಾಲಿಗೂ ನಡುವೆ ಒಂದೂವರೆ ಮೀಟರಿನಷ್ಟು ಅಂತರವಿರುವುದರಿಂದ ನೆಲದಲ್ಲಿ ಹರಡಿದ ಸೋರಿಕೆಯೇ ಮೈಯೊಳಗೆ ಹಾದುಹೋಗುತ್ತದೆ, ದಾರಿಯಲ್ಲಿ ಹೃದಯವಿರುತ್ತದೆ. ಕಟ್ಟಿಹಾಕಿದ ಹಸುವಿಗೆ ಓಡಿಹೋಗುವ ದಾರಿಯೂ ಇಲ್ಲ.

ಕೊಲ್ಲದಷ್ಟು ಸಣ್ಣ ಸೋರಿಕೆಯಿಂದಲೂ ನಷ್ಟವಿದೆ. ಕಬ್ಬಿಣದ ಗೊಂತು ಅಥವಾ ನೀರಿನ ತೊಟ್ಟಿಯಲ್ಲಿ ಕೆಲವೇ ವೋಲ್ಟುಗಳಿದ್ದರೂ ಹಸು ನೀರಿಗೆ ಬಾಯಿ ಹಾಕಿ ಹಿಂದೆ ಸರಿಯುತ್ತದೆ, ಕರೆಯುವಾಗ ಕಾಲು ಎತ್ತಿ ಹಾಕುತ್ತದೆ, ಹಾಲು ಇಳಿಸುವುದಿಲ್ಲ. ಇದಕ್ಕೆ ರೋಗ, ದೃಷ್ಟಿ ಎಂದೆಲ್ಲ ಕಾರಣ ಹುಡುಕುವುದುಂಟು. ಪಶುವೈದ್ಯರು ತೋರಿಸಿದ ಮೇಲೂ ಕಾರಣ ಸಿಗದಿದ್ದರೆ ಮೇವು ಕತ್ತರಿಸುವ ಯಂತ್ರದ ವೈರನ್ನೂ ಒಮ್ಮೆ ನೋಡಿಸಬೇಕು. ಆರ್.ಸಿ.ಸಿ.ಬಿ.ಯು 30 ಮಿಲಿ ಆಂಪಿಯರಿಗಿಂತ ಕಡಿಮೆ ಸೋರಿಕೆಗೆ ಬೀಳದಿರಬಹುದು. ಆದ್ದರಿಂದ ಕೊಟ್ಟಿಗೆಯ ಗೊಂತು, ಕಬ್ಬಿಣದ ಕಂಬ, ಯಂತ್ರದ ಮೈ ಎಲ್ಲವನ್ನೂ ಒಂದೇ ಅರ್ಥ್ ತಂತಿಗೆ ಸೇರಿಸುವುದು ಅತ್ಯವಶ್ಯಕ. ಕೃಷಿ ಕಟ್ಟಡಗಳ ಅಂತರರಾಷ್ಟ್ರೀಯ ಮಾನಕವು 32 ಆಂಪಿಯರಿನವರೆಗಿನ ಎಲ್ಲ ಸಾಕೆಟ್ಟುಗಳಿಗೂ 30 ಮಿಲಿ ಆಂಪಿಯರ್ ರಕ್ಷಣೆ ಇರಬೇಕೆಂದು ಹೇಳುತ್ತದೆ. ಕೊಟ್ಟಿಗೆಗೆ ಮನೆಯದಕ್ಕಿಂತ ಬೇರೆಯೇ ಒಂದು ಆರ್.ಸಿ.ಸಿ.ಬಿ. ಇದ್ದರೆ ಕೊಟ್ಟಿಗೆಯಲ್ಲಿ ಸೋರಿಕೆಯಾದಾಗ ಮನೆ ಕತ್ತಲಾಗುವುದಿಲ್ಲ.

ಹುಳುಮನೆ

ರೇಷ್ಮೆ ಹುಳು ಸಾಕುವ ಮನೆಯನ್ನು ಬೇಕೆಂದೇ ಒದ್ದೆಯಾಗಿ ಇಡುತ್ತಾರೆ. ಚಾಕಿ ಹುಳುಗಳಿಗೆ 27-28 ಡಿಗ್ರಿ ಉಷ್ಣತೆ ಮತ್ತು ಶೇಕಡಾ 85ರ ಮೇಲಿನ ಆರ್ದ್ರತೆ ಬೇಕಾಗುತ್ತದೆ. ಇದಕ್ಕಾಗಿ ಹೀಟರು, ಗಾಳಿಗೆ ತೇವ ಕೊಡುವ ಯಂತ್ರ, ಒದ್ದೆ ಗೋಣಿತಾಟು ಎಲ್ಲವೂ ಒಂದೇ ಕೋಣೆಯಲ್ಲಿರುತ್ತವೆ. ಬೆಳೆ ಮುಗಿದ ಮೇಲೆ ಸೋಂಕು ನಿವಾರಣೆಗಾಗಿ ಬ್ಲೀಚಿಂಗ್ ಪುಡಿಯ ದ್ರಾವಣವನ್ನು ಗೋಡೆ, ಸೂರು, ತಟ್ಟೆ, ಚಂದ್ರಿಕೆ ಎನ್ನದೆ ಸಿಂಪಡಿಸಲಾಗುತ್ತದೆ. ಸ್ವಿಚ್ಚು ಸಾಕೆಟ್ಟುಗಳೂ ತೊಯ್ಯುತ್ತವೆ. ಈ ದ್ರಾವಣವು ವಿದ್ಯುತ್ತನ್ನು ಬರಿಯ ನೀರಿಗಿಂತ ಚೆನ್ನಾಗಿ ಹಾಯಿಸುತ್ತದೆ, ಒಣಗಿದ ಮೇಲೂ ಅದರ ಲವಣ ಉಳಿದು ಹಿತ್ತಾಳೆಯ ಭಾಗಗಳನ್ನು ಸವೆಸುತ್ತದೆ. ಸಿಂಪಡಿಸುವ ಮುನ್ನ ಹುಳುಮನೆಯ ಮೈನ್ ಆರಿಸಬೇಕು. ಸಾಕೆಟ್ಟುಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ಸ್ವಿಚ್ಚುಗಳನ್ನು ಹೊರಗಿನ ಗೋಡೆಗೆ, ಮಳೆ ತಾಗದ ಕಡೆ ಹಾಕಿಸಿದ್ದರೆ ಇನ್ನೂ ಉತ್ತಮ. ಈ ಮನೆಗೂ ತನ್ನದೇ ಆರ್.ಸಿ.ಸಿ.ಬಿ. ಬೇಕು, ಹುಳು ಹಣ್ಣಾಗುವ ಸಮಯದಲ್ಲಿ ಬೇರೆಲ್ಲಿಯದೋ ಸೋರಿಕೆಯಿಂದ ಇಲ್ಲಿನ ವಿದ್ಯುತ್ತು ನಿಲ್ಲಬಾರದಲ್ಲ.

ಪಂಪುಮನೆಯ ವಿಷಯ ಬೇರೆಯೇ ಒಂದು ಲೇಖನವಾಗುವಷ್ಟಿದೆ. ಮೂರು ಫೇಸಿನ ಮೋಟಾರಿಗೆ ನಾಲ್ಕು ಕಂಬಿಯ ಆರ್.ಸಿ.ಸಿ.ಬಿ. ಬೇಕು, ಉದ್ದನೆಯ ಕೇಬಲ್ಲಿನ ಸಹಜ ಸೋರಿಕೆಯ ಕಾರಣ ಸಾಮಾನ್ಯವಾಗಿ 100 ಮಿಲಿ ಆಂಪಿಯರಿನದನ್ನು ಬಳಸುತ್ತಾರೆ ಎಂದಷ್ಟೇ ಇಲ್ಲಿ ಹೇಳಬಹುದು. ಒಂದು ದುರಭ್ಯಾಸವನ್ನು ಮಾತ್ರ ಹೇಳದೆ ಬಿಡುವಂತಿಲ್ಲ. ಪಂಪುಮನೆಯ ದೀಪಕ್ಕೆ ನ್ಯೂಟ್ರಲ್ ಸಿಗದಾಗ ಒಂದು ಫೇಸನ್ನೂ ಅರ್ಥ್ ತಂತಿಯನ್ನೂ ಸೇರಿಸಿ ದೀಪ ಉರಿಸುತ್ತಾರೆ. ಆ ಅರ್ಥ್ ತಂತಿ ಎಲ್ಲಾದರೂ ಕಡಿದರೆ ಅದಕ್ಕೆ ಸೇರಿದ ಪೈಪು, ಸ್ಟಾರ್ಟರ್ ಪೆಟ್ಟಿಗೆ ಎಲ್ಲಕ್ಕೂ ಕರೆಂಟು ಬರುತ್ತದೆ.

ಆರ್.ಸಿ.ಸಿ.ಬಿ. ಕಾಯದಿರುವುದು

ಒಂದು ಕೈ ಫೇಸಿಗೂ ಇನ್ನೊಂದು ಕೈ ನ್ಯೂಟ್ರಲಿಗೂ ತಾಗಿದರೆ ಹೋದ ವಿದ್ಯುತ್ತೆಲ್ಲ ಹಿಂದಿರುಗುತ್ತದೆ, ಲೆಕ್ಕ ಸರಿಹೋಗುತ್ತದೆ, ಆರ್.ಸಿ.ಸಿ.ಬಿ. ಬೀಳುವುದಿಲ್ಲ. ಹೊರೆ ಹೆಚ್ಚಾದಾಗಲೂ ಬೀಳುವುದಿಲ್ಲ, ಅದಕ್ಕೆ ಎಂ.ಸಿ.ಬಿ. ಜೊತೆಗಿರಲೇಬೇಕು. ಕಂಬದಿಂದ ಮೀಟರಿನವರೆಗಿನ ಸರ್ವೀಸ್ ವೈರು ಅದರ ಹಿಂದಿನದು, ಅಲ್ಲಿನ ಸೋರಿಕೆ ಅದಕ್ಕೆ ತಿಳಿಯದು. ಸರ್ವೀಸ್ ವೈರನ್ನು ಹೊತ್ತ ಕಬ್ಬಿಣದ ತಂತಿಗೋ, ಅದರ ಕೊಳವೆಗೋ ಬಟ್ಟೆ ಒಣಹಾಕುವ ತಂತಿಯನ್ನು ಕಟ್ಟುವುದು ಹಳ್ಳಿಗಳಲ್ಲಿ ಬಹಳ. ಬಿಸಿಲು ಮಳೆಗೆ ವೈರಿನ ಹೊದಿಕೆ ಬಿರಿದರೆ ಒದ್ದೆ ಸೀರೆ ಹರಡಲು ಬಂದ ಹೆಣ್ಣುಮಗಳನ್ನು ಕಾಯಲು ಅಲ್ಲಿ ಏನೂ ಇರುವುದಿಲ್ಲ. ಇಪ್ಪತ್ತು ರೂಪಾಯಿಯ ನೈಲಾನ್ ಹಗ್ಗ ಈ ಅಪಾಯವನ್ನು ಪೂರ್ತಿ ತೆಗೆದುಹಾಕುತ್ತದೆ.

ಕೊಳ್ಳುವಾಗ ಐ.ಎಸ್.ಐ. ಗುರುತು ಇರುವುದನ್ನು, 30 ಮಿಲಿ ಆಂಪಿಯರ್ ಎಂದು ಬರೆದಿರುವುದನ್ನು ನೋಡಿ ಕೊಳ್ಳಬೇಕು. 300 ಎಂದು ಬರೆದದ್ದು ಬೆಂಕಿಯಿಂದ ಕಾಯಲು, ಮನುಷ್ಯರನ್ನಲ್ಲ. ಅದರ ಆಂಪಿಯರ್ ಪ್ರಮಾಣವು ಮೈನ್ ಎಂ.ಸಿ.ಬಿ.ಯಷ್ಟು ಅಥವಾ ಹೆಚ್ಚು ಇರಬೇಕು. ಸಾಮಾನ್ಯ ಮನೆಗೆ ಸಾಲುವ ಎರಡು ಕಂಬಿಯದಕ್ಕೆ ಈಗ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿ ಆಗುತ್ತದೆ.

ಪದೇ ಪದೇ ಬೀಳುತ್ತಿದ್ದರೆ

ಹಾಕಿಸಿದ ಆರ್.ಸಿ.ಸಿ.ಬಿ.ಯನ್ನು ಮೊದಲ ಮಳೆಗಾಲದಲ್ಲೇ ತೆಗೆಸಿಬಿಡುವವರಿದ್ದಾರೆ. ರಾತ್ರಿ ಮಳೆ ಬಂದಾಗ ಬೀಳುತ್ತದೆ, ಮೇಲೆತ್ತಿದರೆ ನಿಲ್ಲುವುದಿಲ್ಲ, ಕರೆಸಿದ ಕೆಲಸದವನು ಅದನ್ನು ಬಿಟ್ಟು ನೇರ ತಂತಿ ಕೊಟ್ಟು ಹೋಗುತ್ತಾನೆ. ಮನೆ ಬೆಳಗುತ್ತದೆ, ಸೋರಿಕೆ ಅಲ್ಲೇ ಉಳಿಯುತ್ತದೆ. ಬೀಳುತ್ತಿದೆ ಎಂದರೆ ಅದು ಕೆಟ್ಟಿದೆ ಎಂದಲ್ಲ, ಬಹುಪಾಲು ಸಂದರ್ಭಗಳಲ್ಲಿ ಅದು ತನ್ನ ಕೆಲಸವನ್ನು ಮಾಡುತ್ತಿದೆ ಎಂದೇ ಅರ್ಥ.

ಸೋರಿಕೆ ಎಲ್ಲಿ ಎಂದು ಹುಡುಕುವುದು ಕಷ್ಟವಲ್ಲ. ಎಲ್ಲ ಪ್ಲಗ್ಗುಗಳನ್ನು ಕಿತ್ತು, ಎಲ್ಲ ಎಂ.ಸಿ.ಬಿ.ಗಳನ್ನು ಕೆಳಗಿಳಿಸಿ, ಆರ್.ಸಿ.ಸಿ.ಬಿ.ಯನ್ನು ಮೇಲೆತ್ತಬೇಕು. ನಿಂತರೆ ಎಂ.ಸಿ.ಬಿ.ಗಳನ್ನು ಒಂದೊಂದಾಗಿ, ಆಮೇಲೆ ಪ್ಲಗ್ಗುಗಳನ್ನು ಒಂದೊಂದಾಗಿ ಹಾಕುತ್ತ ಹೋಗಬೇಕು. ಯಾವುದನ್ನು ಹಾಕಿದಾಗ ಬಿತ್ತೋ ದೋಷ ಅದರಲ್ಲಿದೆ. ಗೀಸರಿನ ಸುರುಳಿ, ತೊಟ್ಟಿಯ ಮೋಟಾರು, ಕೊಟ್ಟಿಗೆಯ ಸೂರಿನ ಕೆಳಗೆ ಇಲಿ ಕಡಿದ ವೈರು ಇವೇ ಸಾಮಾನ್ಯವಾಗಿ ಸಿಗುವ ಕಳ್ಳರು. ಯಾವ ಉಪಕರಣವೂ ಇಲ್ಲದೆಯೇ ಬೀಳುತ್ತಿದ್ದರೆ ನ್ಯೂಟ್ರಲ್ ತಂತಿಯು ಎಲ್ಲೋ ಅರ್ಥಿಗೆ ತಾಗಿರಬಹುದು. ಎರಡು ಆರ್.ಸಿ.ಸಿ.ಬಿ.ಗಳಿರುವಲ್ಲಿ ಒಂದರ ನ್ಯೂಟ್ರಲ್ಲನ್ನು ಇನ್ನೊಂದಕ್ಕೆ ಕೂಡಿಸಿದ್ದರೂ ಹೀಗಾಗುತ್ತದೆ. ಇದನ್ನು ಪರವಾನಗಿ ಇರುವ ಕೆಲಸದವರಿಂದಲೇ ಸರಿಪಡಿಸಬೇಕು.

ನದಿಯಂಚಿನ ಮನೆಗಳವರಿಗೆ ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಕಬಿನಿಯಿಂದ ಹೊರಬಿಟ್ಟ ನೀರು ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿದಂತೆ ಮುಂದೆಯೂ ನುಗ್ಗಬಹುದು. ನೀರು ಏರುವ ಸೂಚನೆ ಬಂದ ಕೂಡಲೇ ಮೈನ್ ಆರಿಸಬೇಕು. ಬೋರ್ಡು ಮುಳುಗಿದ್ದರೆ ನೀರು ಇಳಿದ ಮೇಲೆ ಅದನ್ನು ಮುಟ್ಟದೆ ವಿದ್ಯುತ್ ಕಚೇರಿಗೆ 1912ರಲ್ಲಿ ತಿಳಿಸಿ ಸಂಪರ್ಕ ಕಡಿಸಬೇಕು. ಮುಳುಗಿದ ಎಂ.ಸಿ.ಬಿ., ಆರ್.ಸಿ.ಸಿ.ಬಿ.ಗಳನ್ನು ಬಿಸಿಲಿಗಿಟ್ಟು ಒಣಗಿಸಿ ಮತ್ತೆ ಬಳಸುವಂತಿಲ್ಲ. ಒಳಗೆ ಹೊಕ್ಕ ಹೂಳು ಅದರ ಚಲನೆಯನ್ನು ತಡೆಯುತ್ತದೆ, ಹೊರಗಿನಿಂದ ಅದು ಕಾಣುವುದಿಲ್ಲ.

ಪ್ರತಿ ಆರ್.ಸಿ.ಸಿ.ಬಿ.ಯ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಬೇಕು, ತಕ್ಷಣ ಬೀಳಬೇಕು. ಬೀಳದಿದ್ದರೆ ಅದನ್ನು ಬದಲಿಸಬೇಕು. ಹಾಲಿನ ಬಟವಾಡೆಯ ದಿನವೋ, ಅಮಾವಾಸ್ಯೆಯೋ, ಯಾವುದಾದರೊಂದು ನೆನಪಿರುವ ದಿನಕ್ಕೆ ಇದನ್ನು ಇಟ್ಟುಕೊಳ್ಳಬಹುದು. ಹೊಸದಾಗಿ ಹಾಕಿಸಿದಾಗಲಂತೂ ಕೆಲಸ ಮುಗಿದ ದಿನವೇ ಬಚ್ಚಲು, ಕೊಟ್ಟಿಗೆ, ಹುಳುಮನೆ ಮೂರೂ ಕಡೆ ದೀಪ ಹಾಕಿಟ್ಟು, ಒಂದೊಂದರ ಗುಂಡಿಯನ್ನೂ ಒತ್ತಿಸಿ, ಆಯಾ ದೀಪ ಆರುವುದನ್ನು ಕಣ್ಣಾರೆ ನೋಡಿದ ಮೇಲೆ ಕೆಲಸದವರಿಗೆ ಹಣ ಕೊಡಬೇಕು.